ಧೋಂಡಿಯಾ ವಾಘ: ಸಿಲೇದಾರನೋ ಲೂಟಿಕಾರನೋ

ಹದಿನೆಂಟನೆಯ ಶತಮಾನದ ಕೊನೆಯ ಹತ್ತು ವರ್ಷಗಳಲ್ಲಿ ತುಂಗಭದ್ರೆಯಿಂದ ಕೃಷ್ಣೆಯವರೆಗಿನ ಕನ್ನಡ ಸೀಮೆಯನ್ನು ನಡುಗಿಸಿದ ಹೆಸರು ಧೋಂಡಿಯಾ ವಾಘ. ಇಂಗ್ಲಿಷರ ಕಾಗದಪತ್ರಗಳಲ್ಲಿ ಅವನು ದರೋಡೆಕೋರ. ಪೇಶ್ವೆಯ ಸರದಾರರಿಗೆ ಪುಂಡ. ಟಿಪ್ಪು ಸುಲ್ತಾನನಿಗೆ ಒಮ್ಮೆ ಸೇವಕ, ಮತ್ತೊಮ್ಮೆ ಸೆರೆಯಾಳು. ಈಚಿನ ಕೆಲವು ಬರಹಗಳಲ್ಲಿ ಸ್ವಾತಂತ್ರ್ಯವೀರ. ತನ್ನನ್ನು ತಾನು ಅವನು ಕರೆದುಕೊಂಡದ್ದು ಉಭಯಲೋಕಾಧೀಶ್ವರ ಎಂದು. ಒಬ್ಬನೇ ಮನುಷ್ಯನಿಗೆ ಇಷ್ಟೊಂದು ಹೆಸರುಗಳು ಹೇಗೆ ಸಂದವು ಎಂಬುದನ್ನು ತಿಳಿಯಬೇಕಾದರೆ ಅವನ ಜೀವನದ ಜೊತೆಗೆ ಆ ಕಾಲದ ಸೈನ್ಯದ ಕಟ್ಟನ್ನೂ ಅರಿಯಬೇಕಾಗುತ್ತದೆ. ಅವನ ಕಥೆ ನಡೆದದ್ದು ಬಹುಮಟ್ಟಿಗೆ ಧಾರವಾಡ, ಶಿವಮೊಗ್ಗ, ರಾಯಚೂರು ಸೀಮೆಗಳಲ್ಲಿ. ಆದರೆ ಆ ಕಥೆಯಲ್ಲಿ ಕಾಣಿಸಿಕೊಂಡ ಇಬ್ಬರು ಮುಂದೆ ಸೊಲ್ಲಾಪುರದ ನೆಲದಲ್ಲಿ ಮರಾಠಾ ರಾಜ್ಯದ ಅಂತ್ಯವನ್ನು ಕಂಡರು.

ಧೋಂಡಿಯಾ ಹುಟ್ಟಿದ್ದು ಚನ್ನಗಿರಿಯಲ್ಲಿ, ಪವಾರ ಎಂಬ ಮರಾಠಾ ಮನೆತನದಲ್ಲಿ. ಶಹಾಜಿಯ ಕಾಲದಿಂದಲೂ ಕನ್ನಡ ನಾಡಿನಲ್ಲಿ ನೆಲೆನಿಂತ ಇಂಥ ಮನೆತನಗಳು ಅನೇಕವಿದ್ದವು. ಮನೆಯಲ್ಲಿ ಮರಾಠಿ, ಊರಿನಲ್ಲಿ ಕನ್ನಡ, ದರ್ಬಾರಿನಲ್ಲಿ ಫಾರಸಿ ಎಂಬಂತೆ ಬದುಕುತ್ತಿದ್ದ ಜನ ಅವರು. ವಾಘ ಎಂದರೆ ಮರಾಠಿಯಲ್ಲಿ ಹುಲಿ. ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಮಲೆನಾಡಿನ ಅಂಚಿನ ಈ ಸೀಮೆಯೆಲ್ಲ ಮೈಸೂರಿನ ಆಳ್ವಿಕೆಗೆ ಸೇರಿತು. ಕುದುರೆ ಏರಬಲ್ಲ ತರುಣನಿಗೆ ಹೈದರನ ಸೈನ್ಯಕ್ಕಿಂತ ಒಳ್ಳೆಯ ಆಶ್ರಯ ಆಗ ಬೇರೆ ಇರಲಿಲ್ಲ. ಧೋಂಡಿಯಾ ಸವಾರನಾಗಿ ಆ ಸೈನ್ಯವನ್ನು ಸೇರಿದ.

ಆ ಕಾಲದ ಕುದುರೆಪಡೆಯಲ್ಲಿ ಹಲವು ಬಗೆಯ ಜನರಿದ್ದರು. ಸರ್ಕಾರ ಕೊಟ್ಟ ಕುದುರೆಯ ಮೇಲೆ ಕಾದುವವನು ಬಾರಗೀರ. ಸ್ವಂತ ಕುದುರೆ, ಸ್ವಂತ ಆಯುಧಗಳೊಂದಿಗೆ ಬಂದು ಸೇವೆಗೆ ನಿಲ್ಲುವವನು ಸಿಲೇದಾರ. ಇವರಿಬ್ಬರ ಆಚೆ, ಸಂಬಳವಿಲ್ಲದೆ ಅಥವಾ ಅಲ್ಪ ಸಂಬಳಕ್ಕೆ ಸೈನ್ಯದ ಹಿಂದೆ ನಡೆದು, ಶತ್ರುವಿನ ಸೀಮೆಯನ್ನು ಕೊಳ್ಳೆಹೊಡೆದು, ಬಂದದ್ದರಲ್ಲಿ ಒಂದು ಪಾಲನ್ನು ಸರದಾರನಿಗೆ ಒಪ್ಪಿಸಿ ಉಳಿದುದರಲ್ಲಿ ಜೀವಿಸುವ ಲೂಟಿಪಡೆಯಿತ್ತು. ಮರಾಠರ ಕಡೆ ಇಂಥವರಿಗೆ ಪಿಂಡಾರಿ ಎಂಬ ಹೆಸರು. ಶತ್ರುವಿನ ಧಾನ್ಯವನ್ನು ಸುಡುವುದು, ದನಗಳನ್ನು ಅಟ್ಟಿಕೊಂಡು ಬರುವುದು, ಸರಕಿನ ಸಾಲನ್ನು ಕತ್ತರಿಸುವುದು ಯುದ್ಧದ ಒಪ್ಪಿತ ಕೆಲಸವೇ ಆಗಿತ್ತು. ಯಾವ ರಾಜನೂ ಈ ಪಡೆಯನ್ನು ಬೇಡವೆನ್ನಲಿಲ್ಲ.

ಸಿಲೇದಾರನ ಬಾಳಿನಲ್ಲಿ ಕುದುರೆಯೇ ಆಸ್ತಿ. ಅದು ರಣದಲ್ಲಿ ಸತ್ತರೆ ಅವನ ಹೊಲವೂ ಮನೆಯೂ ಸತ್ತಂತೆ. ಆದ್ದರಿಂದ ಎದುರುಬದುರಾಗಿ ನಿಂತು ಕಾದುವುದಕ್ಕಿಂತ ವೇಗವಾಗಿ ಬಂದು ಬಡಿದು ಮರೆಯಾಗುವುದೇ ಅವನಿಗೆ ಲಾಭ. ಸಂಬಳ ನಿಂತ ದಿನ ಅವನ ಮುಂದೆ ಎರಡೇ ದಾರಿ: ಬೇರೊಬ್ಬ ಧಣಿಯನ್ನು ಹುಡುಕುವುದು, ಇಲ್ಲವೇ ಧಣಿಯಿಲ್ಲದೆಯೇ ಅದೇ ಕೆಲಸವನ್ನು ಮುಂದುವರಿಸುವುದು. ಮೊದಲನೆಯದಕ್ಕೆ ಸೇವೆಯೆಂದೂ ಎರಡನೆಯದಕ್ಕೆ ದರೋಡೆಯೆಂದೂ ಹೆಸರು. ಧೋಂಡಿಯಾನ ಜೀವನವೆಲ್ಲ ಈ ಎರಡು ಹೆಸರುಗಳ ನಡುವಿನ ಓಡಾಟ.

ಅವನ ಮೊದಲ ತಿರುವು ಬಂದದ್ದು ಮೂರನೆಯ ಮೈಸೂರು ಯುದ್ಧದ ಹೊತ್ತಿಗೆ. 1790ರಿಂದ 1792ರವರೆಗೆ ಇಂಗ್ಲಿಷರು, ಮರಾಠರು, ನಿಜಾಮರು ಒಂದಾಗಿ ಟಿಪ್ಪುವಿನ ಮೇಲೆ ನಡೆದರು. ಧಾರವಾಡದ ಕೋಟೆ ತಿಂಗಳುಗಟ್ಟಲೆ ಮುತ್ತಿಗೆಯಲ್ಲಿತ್ತು. ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪು ರಾಜ್ಯದ ಅರ್ಧಭಾಗವನ್ನು ಕಳೆದುಕೊಂಡು 3 ಕೋಟಿ 30 ಲಕ್ಷ ರೂಪಾಯಿಗಳ ದಂಡಕ್ಕೆ ಒಪ್ಪಿದ. ಅರ್ಧ ರಾಜ್ಯ ಹೋದ ಮೇಲೆ ಮೊದಲಿನಷ್ಟು ಸೈನ್ಯವನ್ನು ಸಾಕುವುದು ಸುಲಭವಾಗಿರಲಿಲ್ಲ. ಈ ಗೊಂದಲದಲ್ಲಿ ಧೋಂಡಿಯಾ ಕೈಗೆ ಸಿಕ್ಕ ಕೊಳ್ಳೆಯೊಡನೆ ಮೈಸೂರಿನ ಸೇವೆಯನ್ನು ಬಿಟ್ಟು ಲಕ್ಷ್ಮೇಶ್ವರದ ದೇಸಾಯಿಯ ಆಶ್ರಯಕ್ಕೆ ಬಂದ. ಮರಾಠರ ಕೈಗೆ ಹೊಸದಾಗಿ ಬಂದಿದ್ದ ಧಾರವಾಡ ಸೀಮೆಯಲ್ಲಿ ಇನ್ನೂ ಆಡಳಿತ ಬೇರೂರಿರಲಿಲ್ಲ. ಅಲ್ಲಿ ಅವನು ತನ್ನದೇ ಪಡೆ ಕಟ್ಟಿ, 1793ರ ಆರಂಭದಲ್ಲಿ ಹಾವೇರಿಯನ್ನೂ ಸವಣೂರನ್ನೂ ವಶಪಡಿಸಿಕೊಂಡ.

ಪೇಶ್ವೆಯ ಸರ್ಕಾರ ಅವನನ್ನು ಅಡಗಿಸಲು ಧೋಂಡೋಪಂತ ಗೋಖಲೆಯನ್ನು ಕಳುಹಿಸಿತು. ಗೋಖಲೆಯ ದಂಡಿನ ಮುಂದೆ ಧೋಂಡಿಯಾನಿಗೆ ನಿಲ್ಲಲಾಗಲಿಲ್ಲ. ಅಲ್ಲಿಂದ ಈ ಇಬ್ಬರ ನಡುವೆ ಬೆಳೆದ ಹಗೆ ಏಳು ವರ್ಷಗಳ ಬಳಿಕ ಒಬ್ಬನ ಸಾವಿನಲ್ಲಿ ಕೊನೆಗಂಡಿತು. ನೆಲೆ ತಪ್ಪಿದ ಧೋಂಡಿಯಾ 1794ರಲ್ಲಿ ಸುಮಾರು 200 ಸವಾರರೊಡನೆ ಮತ್ತೆ ಟಿಪ್ಪುವಿನ ಬಳಿಗೆ ಹೋದ. ಬಿಟ್ಟು ಓಡಿದವನು ತಾನಾಗಿಯೇ ಮರಳಿ ಬಂದಿದ್ದ; ಸುಲ್ತಾನ ಅವನನ್ನು ಸ್ವೀಕರಿಸಿದ, ಆದರೆ ನಂಬಲಿಲ್ಲ. ಅವನನ್ನು ಬಲವಂತವಾಗಿ ಇಸ್ಲಾಮಿಗೆ ಮತಾಂತರಿಸಿ ಮಲಿಕ್ ಜಹಾನ್ ಖಾನ್ ಎಂದು ಹೆಸರಿಡಲಾಯಿತು. ಕೆಲಕಾಲದಲ್ಲೇ ಸಂಶಯ ಬಲಿತು ಅವನು ಶ್ರೀರಂಗಪಟ್ಟಣದ ಸೆರೆಮನೆ ಸೇರಿದ. ಸ್ವಂತ ಕುದುರೆಯೊಂದಿಗೆ ಸ್ವತಂತ್ರವಾಗಿ ತಿರುಗಿದ್ದವನು ವರ್ಷಗಳ ಕಾಲ ಸಂಕೋಲೆಯಲ್ಲಿ ಕಳೆದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಕೋಟೆಯನ್ನು ಗೆದ್ದವರು ಸೆರೆಯಾಳುಗಳನ್ನು ಬಿಡಿಸಿದಾಗ ಧೋಂಡಿಯಾನಿಗೂ ಬಿಡುಗಡೆಯಾಯಿತು. ಅವನ ಸಂಕೋಲೆ ಕಳಚಿದವರು ಇಂಗ್ಲಿಷರೇ. ಒಂದು ವರ್ಷ ನಾಲ್ಕು ತಿಂಗಳ ಬಳಿಕ ಅವನನ್ನು ಕೊಂದವರೂ ಅವರೇ.

ಟಿಪ್ಪುವಿನ ಮರಣದೊಡನೆ ಒಬ್ಬ ಅರಸನ ಆಳ್ವಿಕೆಯಷ್ಟೇ ಮುಗಿಯಲಿಲ್ಲ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂಡಿಸಿ, ಪೂರ್ಣಯ್ಯನನ್ನು ದಿವಾನನನ್ನಾಗಿ ಮಾಡಿ, ರಾಜ್ಯದ ರಕ್ಷಣೆಯ ಹೊಣೆಯನ್ನು ಇಂಗ್ಲಿಷ್ ಕಂಪನಿಯೇ ವಹಿಸಿಕೊಂಡಿತು. ಹೊಸ ವ್ಯವಸ್ಥೆಗೆ ದೊಡ್ಡ ಸೈನ್ಯ ಬೇಕಿರಲಿಲ್ಲ. ಸುಲ್ತಾನನ ಅನ್ನ ಉಂಡಿದ್ದ ಸವಾರರು, ಕೋಟೆಗಳ ಕಿಲ್ಲೇದಾರರು, ಬಂದೂಕಿನ ಬಂಟರು ದಿಕ್ಕಿಲ್ಲದವರಾದರು. ಅವರಿಗೆ ಬೇಸಾಯ ಗೊತ್ತಿರಲಿಲ್ಲ, ಗೊತ್ತಿದ್ದವರಿಗೆ ಹೊಲವಿರಲಿಲ್ಲ. ಸೆರೆಯಿಂದ ಹೊರಬಂದ ಧೋಂಡಿಯಾ ಬಿದನೂರಿನ ಕಡೆಗೆ ಕುದುರೆ ತಿರುಗಿಸಿದಾಗ ಇಂಥವರೇ ಅವನ ಬೆನ್ನಿಗೆ ಬಿದ್ದರು. ಕೆಲವೇ ವಾರಗಳಲ್ಲಿ ಶಿಕಾರಿಪುರದ ಸುತ್ತಿನ ಸೀಮೆ ಅವನ ಕೈಸೇರಿತು.

ಕಂಪನಿ ಸರ್ಕಾರ ಸ್ಟೀವನ್‌ಸನ್ ಮತ್ತು ಡಾಲ್ರಿಂಪಲ್ ಎಂಬ ಅಧಿಕಾರಿಗಳ ಎರಡು ಪಡೆಗಳನ್ನು ಅವನ ಮೇಲೆ ಕಳುಹಿಸಿತು. 1799ರ ಆಗಸ್ಟ್‌ನಲ್ಲಿ ಶಿಕಾರಿಪುರದ ಕೋಟೆ ಬಿತ್ತು. ಧೋಂಡಿಯಾ ತುಂಗಭದ್ರೆಯನ್ನು ದಾಟಿ ಪೇಶ್ವೆಯ ಸೀಮೆಗೆ ನುಸುಳಿದ. ಆ ನದಿ ಆಗ ಎರಡು ರಾಜ್ಯಗಳ ಗಡಿ. ಅದನ್ನು ದಾಟಲು ಇಂಗ್ಲಿಷರಿಗೆ ಅಪ್ಪಣೆಯಿರಲಿಲ್ಲ. ಆಚೆ ದಡದಲ್ಲಿ ಹಳೆಯ ಹಗೆ ಧೋಂಡೋಪಂತ ಗೋಖಲೆ ಅವನ ಬೀಡಿನ ಮೇಲೆ ಬಿದ್ದು ಚದುರಿಸಿದ. ಆಗ ಕೊಲ್ಹಾಪುರದ ರಾಜನಿಗೂ ಪಟವರ್ಧನ ಸರದಾರರಿಗೂ ಯುದ್ಧ ನಡೆದಿತ್ತು. ಧೋಂಡಿಯಾ ಕೆಲಕಾಲ ಕೊಲ್ಹಾಪುರದ ಪಕ್ಷದಲ್ಲಿ ನಿಂತ. ಆಗಸ್ಟ್‌ನಲ್ಲಿ ದರೋಡೆಕೋರನೆನಿಸಿಕೊಂಡವನು ಕೆಲವೇ ತಿಂಗಳಲ್ಲಿ ಒಬ್ಬ ರಾಜನ ಸೇವೆಯಲ್ಲಿದ್ದ. ಅವನ ಕೆಲಸ ಬದಲಾಗಿರಲಿಲ್ಲ, ಧಣಿ ಬದಲಾಗಿದ್ದ.

1800ರ ಬೇಸಿಗೆಯಲ್ಲಿ ಅವನು ಆ ಸೇವೆಯನ್ನೂ ಬಿಟ್ಟು ಧಾರವಾಡ ಸೀಮೆಗೆ ಮರಳಿದ. ಈ ಬಾರಿ ಅವನ ಉದ್ದೇಶ ಕೊಳ್ಳೆಯಷ್ಟೇ ಆಗಿರಲಿಲ್ಲ. ಗದಗ, ಡಂಬಳ ಮೊದಲಾದ ಕೋಟೆಗಳನ್ನು ಹಿಡಿದು, ತನ್ನವರನ್ನು ಅಲ್ಲಿ ಕಾವಲಿಗಿಟ್ಟು, ಹಳ್ಳಿಗಳಿಂದ ಕಪ್ಪ ಪಡೆಯತೊಡಗಿದ. ಉಭಯಲೋಕಾಧೀಶ್ವರ ಎಂಬ ಬಿರುದನ್ನು ಧರಿಸಿದ್ದೂ ಈ ಕಾಲದಲ್ಲೇ. ಇಹಪರಗಳೆರಡಕ್ಕೂ ಒಡೆಯ ಎಂಬ ಈ ಹೆಸರನ್ನು ಇಂಗ್ಲಿಷರು ನಗೆಯಾಡಿದರು. ಆದರೆ ಹೈದರಾಲಿಯೂ ಸಾಮಾನ್ಯ ಸೈನಿಕನಾಗಿಯೇ ಬದುಕನ್ನು ಆರಂಭಿಸಿದ್ದ; ಹೈದರನ ಕುದುರೆಪಡೆಯಲ್ಲಿ ಬೆಳೆದವನಿಗೆ ರಾಜನಾಗುವುದು ಅಸಾಧ್ಯವಾದ ಕನಸಾಗಿ ತೋರಿರಲಾರದು. ಅವನ ಸುತ್ತ ಹತ್ತಾರು ಸಾವಿರ ಸವಾರರು ಕೂಡಿದ್ದಾರೆಂಬ ಸುದ್ದಿ ಮದರಾಸಿನವರೆಗೆ ಮುಟ್ಟಿತು.

ಆಗ ಮೈಸೂರಿನಲ್ಲಿ ಕಂಪನಿಯ ಸೈನ್ಯದ ಹೊಣೆ ಹೊತ್ತಿದ್ದವನು 31 ವರ್ಷದ ಆರ್ಥರ್ ವೆಲ್ಲೆಸ್ಲಿ. ಜಾವಾದ್ವೀಪದ ಬಟೇವಿಯದ ಮೇಲೆ ಹೋಗಲಿದ್ದ ದಂಡಿನ ನಾಯಕತ್ವ ಅವನಿಗೆ ಬಂದಿತ್ತು. ಧೋಂಡಿಯಾನನ್ನು ಹಾಗೆಯೇ ಬಿಟ್ಟರೆ ಹೊಸದಾಗಿ ಗೆದ್ದ ಮೈಸೂರು ಕೈತಪ್ಪಬಹುದೆಂಬ ಅಂಜಿಕೆಯಿಂದ ಆ ಅವಕಾಶ ಕೈಬಿಟ್ಟುಹೋಯಿತು. ಹಿಡಿದೊಡನೆ ಸಿಕ್ಕಿದ ಮೊದಲ ಮರಕ್ಕೇ ಧೋಂಡಿಯಾನನ್ನು ನೇಣುಹಾಕಬೇಕೆಂಬುದು ಮದರಾಸು ಸರ್ಕಾರದ ಆದೇಶ. ಶರಣಾಗತಿಗೆ ಅಲ್ಲಿ ಎಡೆಯಿರಲಿಲ್ಲ. ಪೇಶ್ವೆಯ ಒಪ್ಪಿಗೆ ದೊರೆತ ಮೇಲೆ ವೆಲ್ಲೆಸ್ಲಿ ಜೂನ್ ಕೊನೆಯ ವಾರದಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ. ಜೂನ್ 27ರಂದು ರಾಣೆಬೆನ್ನೂರು ಅವನ ವಶವಾಯಿತು.

ಆದರೆ ಮೂರೇ ದಿನಗಳಲ್ಲಿ ಧೋಂಡಿಯಾ ತನ್ನ ಹಳೆಯ ಲೆಕ್ಕವನ್ನು ತೀರಿಸಿಕೊಂಡ. ಜೂನ್ 30ರಂದು ಕಿತ್ತೂರಿನ ಹತ್ತಿರ ಗೋಖಲೆಯ ದಂಡು ಎಚ್ಚರತಪ್ಪಿದ್ದ ಹೊತ್ತಿನಲ್ಲಿ ಅದರ ಮೇಲೆರಗಿ ಧೋಂಡೋಪಂತನನ್ನು ಕೊಂದ. ಹಗೆಯ ರಕ್ತದಿಂದ ಮೀಸೆಗೆ ಬಣ್ಣ ಬಳಿದುಕೊಳ್ಳುವೆನೆಂದು ಮಾಡಿದ್ದ ಶಪಥವನ್ನು ಅವನು ಅಂದು ಪೂರೈಸಿದನೆಂಬ ಮಾತು ಇತಿಹಾಸದ ಪುಸ್ತಕಗಳಲ್ಲಿ ಉಳಿದುಬಂದಿದೆ. ಧೋಂಡೋಪಂತನ ಅಣ್ಣನ ಮಗ ಬಾಪು ಗೋಖಲೆ ಗಾಯಗೊಂಡು, ಉಳಿದವರೊಡನೆ ಹಳಿಯಾಳದ ಕಡೆಗೆ ಪಾರಾದ. ಧೋಂಡಿಯಾನ ಬದುಕಿನ ದೊಡ್ಡ ಗೆಲುವು ಇದು. ಕೊನೆಯ ಗೆಲುವೂ ಇದೇ.

ವೆಲ್ಲೆಸ್ಲಿಯ ಯುದ್ಧರೀತಿ ಬೇರೆಯಾಗಿತ್ತು. ಲೂಟಿಪಡೆಯನ್ನು ಬೆನ್ನಟ್ಟಿ ಹಿಡಿಯಲು ವೇಗವೊಂದೇ ಸಾಲದು, ಧಾನ್ಯ ಬೇಕು ಎಂಬುದನ್ನು ಅವನು ಅರಿತಿದ್ದ. ಎತ್ತುಗಳ ಮೇಲೆ ದವಸ ಹೇರಿಕೊಂಡು ತಿರುಗುವ ಲಂಬಾಣಿ ವ್ಯಾಪಾರಿಗಳನ್ನು ಅವನು ಹಣ ಕೊಟ್ಟು ತನ್ನ ಜೊತೆಯಲ್ಲಿಟ್ಟುಕೊಂಡ. ಆಗ ಕೆನರಾ ಜಿಲ್ಲೆಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋವಿನೊಡನೆ ಪತ್ರವ್ಯವಹಾರ ನಡೆಸಿ ಕರಾವಳಿಯ ಅಕ್ಕಿಗೂ ಏರ್ಪಾಡು ಮಾಡಿದ. ಧೋಂಡಿಯಾನ ದಂಡು ಊರನ್ನು ಕೊಳ್ಳೆಹೊಡೆದು ಉಣ್ಣುತ್ತಿತ್ತು. ಒಮ್ಮೆ ಕೊಳ್ಳೆಹೋದ ಊರಿನಲ್ಲಿ ಎರಡನೆಯ ಸಲ ಉಣ್ಣಲು ಏನೂ ಉಳಿದಿರುತ್ತಿರಲಿಲ್ಲ. ವೆಲ್ಲೆಸ್ಲಿಯ ದಂಡು ಕೊಂಡು ಉಣ್ಣುತ್ತಿತ್ತು. ಈ ವ್ಯತ್ಯಾಸವೇ ಆ ಮಳೆಗಾಲದ ಫಲಿತಾಂಶವನ್ನು ಬಹುಮಟ್ಟಿಗೆ ನಿರ್ಧರಿಸಿತು.

ಜುಲೈ ತಿಂಗಳಲ್ಲಿ ಸವಣೂರು, ಕುಂದಗೋಳ, ಡಂಬಳ ಒಂದೊಂದಾಗಿ ಇಂಗ್ಲಿಷರ ಕೈಗೆ ಹೋದವು. ಜುಲೈ 30ರಂದು ಮಲಪ್ರಭೆಯ ದಡದಲ್ಲಿ, ಮುನವಳ್ಳಿಗೆ ಎದುರಾಗಿ ಬೀಡುಬಿಟ್ಟಿದ್ದ ಧೋಂಡಿಯಾನ ದಂಡಿನ ಒಂದು ಭಾಗದ ಮೇಲೆ ವೆಲ್ಲೆಸ್ಲಿಯ ಕುದುರೆಪಡೆ ಹಠಾತ್ತನೆ ಬಿತ್ತು. ಹಿಂದೆ ತುಂಬಿದ ಹೊಳೆ, ಮುಂದೆ ಕತ್ತಿ. ಆನೆ, ಒಂಟೆ, ಎತ್ತುಗಳೊಡನೆ ಸಾವಿರಾರು ಜನ ನೀರುಪಾಲಾದರು. ಅವರಲ್ಲಿ ಎಲ್ಲರೂ ಕಾದುವವರಾಗಿರಲಿಲ್ಲ. ಇಂಥ ದಂಡಿನ ಜೊತೆ ಹೆಂಗಸರು, ಮಕ್ಕಳು, ಅಂಗಡಿಕಾರರು, ಹುಲ್ಲು ತರುವವರು ಇಡೀ ಊರಿನಂತೆ ನಡೆಯುತ್ತಿದ್ದರು. ಆಚೆ ದಡಕ್ಕೆ ಸಾಗಿಸಿದ್ದ ಆರು ಫಿರಂಗಿಗಳನ್ನು ಕೂಡ ಇಂಗ್ಲಿಷ್ ಸೈನಿಕರು ಈಜಿಹೋಗಿ ದೋಣಿ ತಂದು ವಶಪಡಿಸಿಕೊಂಡರು.

ಆ ದಿನ ಧೋಂಡಿಯಾ ಅಲ್ಲಿರಲಿಲ್ಲ. ಆದರೆ ಅವನ ಸಂಗಡಿಗರ ಧೈರ್ಯ ಆ ಹೊಳೆಯಲ್ಲಿ ಕೊಚ್ಚಿಹೋಯಿತು. ಸಂಬಳದ ಭರವಸೆಯಿಲ್ಲದ ದಂಡನ್ನು ಹಿಡಿದಿಡುವುದು ಗೆಲುವೊಂದೇ. ಗೆಲುವು ನಿಂತೊಡನೆ ಜನ ಕರಗತೊಡಗಿದರು. ಆಗಸ್ಟ್ ಕೊನೆಯಲ್ಲಿ ಮಲಪ್ರಭೆಯ ನೀರು ಇಳಿದಾಗ ಅವನು ಹೊಳೆ ದಾಟಿ ಪೂರ್ವಕ್ಕೆ, ನಿಜಾಮನ ಸೀಮೆಗೆ ಓಡಿದ. ಒಂದು ಕಡೆಯಿಂದ ಸ್ಟೀವನ್‌ಸನ್, ಇನ್ನೊಂದು ಕಡೆಯಿಂದ ವೆಲ್ಲೆಸ್ಲಿ ಅವನನ್ನು ಕೃಷ್ಣಾ–ತುಂಗಭದ್ರೆಗಳ ನಡುವಿನ ಎರೆಯ ಬಯಲಿಗೆ ಅಟ್ಟಿದರು.

1800ರ ಸೆಪ್ಟೆಂಬರ್ 10ರ ಬೆಳಿಗ್ಗೆ ರಾಯಚೂರು ಸೀಮೆಯ ಕೋಣಗಲ್ಲಿನ ಬಳಿ ಇಬ್ಬರೂ ಎದುರಾದರು. ವೆಲ್ಲೆಸ್ಲಿ ಇನ್ನೂ ದೂರದಲ್ಲಿದ್ದಾನೆಂದು ಧೋಂಡಿಯಾ ನಂಬಿದ್ದ. ಅವನ ಬಳಿ ಉಳಿದಿದ್ದವರು ಸುಮಾರು 5,000 ಸವಾರರು. ಊರನ್ನೂ ಅದರ ಬಂಡೆಗಳನ್ನೂ ಒತ್ತಾಸೆಯಾಗಿಟ್ಟುಕೊಂಡು ಅವನು ದೃಢವಾಗಿ ನಿಂತ. ವೆಲ್ಲೆಸ್ಲಿಯ ಬಳಿ ನಾಲ್ಕು ಕುದುರೆ ರೆಜಿಮೆಂಟುಗಳಿದ್ದವು. ಎರಡು ಐರೋಪ್ಯರವು, ಎರಡು ದೇಶೀಯರವು. ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದ. ಒಂದೇ ನುಗ್ಗಿಗೆ ಧೋಂಡಿಯಾನ ಪಡೆ ಮುರಿಯಿತು. ಸಿಲೇದಾರ ಎಂದೂ ಮಾಡಬಾರದ ಕೆಲಸವನ್ನು, ಎದುರುಬದುರಾಗಿ ನಿಂತು ಕಾದುವ ಕೆಲಸವನ್ನು, ಧೋಂಡಿಯಾ ಅಂದು ಮಾಡಿದ್ದ. ಅವನ ಶವವನ್ನು ಹೆಣಗಳ ನಡುವೆ ಗುರುತಿಸಿ, ಒಂದು ಫಿರಂಗಿಗಾಡಿಯ ಮೇಲೆ ಕಟ್ಟಿ ಬೀಡಿಗೆ ತಂದರು.

ಕೊಳ್ಳೆಯ ಸಾಮಾನುಗಳ ನಡುವೆ ಸುಮಾರು ನಾಲ್ಕು ವರ್ಷದ ಒಬ್ಬ ಹುಡುಗ ಸಿಕ್ಕಿದ. ಅವನು ಧೋಂಡಿಯಾನ ಮಗ ಸಲಾಬತ್ ಖಾನ್; ಸಾಕುಮಗನೆಂದೂ ಹೇಳುತ್ತಾರೆ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆಸಿ ಪೋಷಣೆಯ ಹೊಣೆ ಹೊತ್ತ. 1805ರಲ್ಲಿ ಭಾರತವನ್ನು ಬಿಡುವಾಗ ಹುಡುಗನ ಖರ್ಚಿಗೆಂದು ಹಣವನ್ನು ಇಟ್ಟುಹೋದ. ಸಲಾಬತ್ ಖಾನ್ ಬೆಳೆದು ಮೈಸೂರು ಮಹಾರಾಜರ ಸೇವೆಗೆ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ. ತಂದೆಯ ಕೈಗೆ ಎಂದೂ ನಿಲ್ಲದ ಸ್ಥಿರವಾದ ಸೇವೆ ಮಗನಿಗೆ ದೊರೆಯಿತು. ಅದನ್ನು ದೊರಕಿಸಿಕೊಟ್ಟವನು ತಂದೆಯನ್ನು ಕೊಂದವನು.

ಕಿತ್ತೂರಿನ ಬಳಿ ಗಾಯಗೊಂಡು ಪಾರಾದ ಬಾಪು ಗೋಖಲೆಯ ಕಥೆ ಮುಂದೆ ಸೊಲ್ಲಾಪುರ ಸೀಮೆಯತ್ತ ಸಾಗುತ್ತದೆ. ಚಿಕ್ಕಪ್ಪನ ಸ್ಥಾನಕ್ಕೆ ಬಂದ ಅವನು 1803ರಲ್ಲಿ ಇಂಗ್ಲಿಷರ ಮಿತ್ರನಾಗಿ ವೆಲ್ಲೆಸ್ಲಿಯ ಜೊತೆ ನಡೆದ. 1817ರ ನವೆಂಬರಿನಲ್ಲಿ ಖಡಕಿಯ ಯುದ್ಧದಲ್ಲಿ ಪೇಶ್ವೆಯ ಸೇನಾಪತಿಯಾಗಿ ಅದೇ ಇಂಗ್ಲಿಷರ ಎದುರು ನಿಂತ. 1818ರ ಫೆಬ್ರುವರಿ 20ರಂದು ಪಂಢರಪುರದಿಂದ ಹೆಚ್ಚು ದೂರವಲ್ಲದ, ಇಂದಿನ ಸೊಲ್ಲಾಪುರ ಜಿಲ್ಲೆಯ ಆಷ್ಟಿಯಲ್ಲಿ, ಪಲಾಯನ ಮಾಡುತ್ತಿದ್ದ ಪೇಶ್ವೆ ಎರಡನೆಯ ಬಾಜೀರಾಯನ ಬೆನ್ನು ಕಾಯುತ್ತ ಕಾದಿ ಮಡಿದ. ಸಾತಾರೆಯ ಛತ್ರಪತಿ ಪ್ರತಾಪಸಿಂಹ ಅಂದು ಇಂಗ್ಲಿಷರ ಕೈಸೇರಿದ.

ಮೂರೇ ತಿಂಗಳಿಗೆ, 1818ರ ಮೇ ತಿಂಗಳಲ್ಲಿ, ಸೊಲ್ಲಾಪುರದ ಕೋಟೆಯನ್ನು ಗೆದ್ದವನು ಥಾಮಸ್ ಮನ್ರೋ. ಹದಿನೆಂಟು ವರ್ಷಗಳ ಹಿಂದೆ ಕರಾವಳಿಯಿಂದ ವೆಲ್ಲೆಸ್ಲಿಯ ನೆರವಿಗೆ ನಿಂತಿದ್ದ ಅದೇ ಕಲೆಕ್ಟರ್. ಧಾರವಾಡದಿಂದ ಹೊರಟ ಅವನ ಬಳಿ ಕಂಪನಿಯ ಸಿಪಾಯಿಗಳು ಬಹಳ ಕಡಿಮೆಯಿದ್ದರು. ಊರೂರಿನ ಬಂಟರನ್ನು ದಿನಗೂಲಿಗೆ ಕೂಡಿಸಿ, ಆ ಅನಿಯತ ಪಡೆಯ ಬಲದಿಂದಲೂ ಅವನು ಗದಗ, ಡಂಬಳ, ಬಾದಾಮಿ, ಬೆಳಗಾವಿಗಳನ್ನು ಹಿಡಿದು ಸೊಲ್ಲಾಪುರಕ್ಕೆ ಬಂದಿದ್ದ. 1800ರಲ್ಲಿ ಇಂಥ ಜನರನ್ನೇ ಕಟ್ಟಿಕೊಂಡು ಡಂಬಳವನ್ನು ಹಿಡಿದವನನ್ನು ಮರಕ್ಕೆ ನೇಣುಹಾಕಬೇಕೆಂಬ ಆದೇಶವಿತ್ತು. 1818ರಲ್ಲಿ ಅದೇ ಕೆಲಸ ಮಾಡಿದವನು ಸರ್ ಥಾಮಸ್ ಮನ್ರೋ ಆಗಿ ಮದರಾಸಿನ ಗವರ್ನರನಾದ. ಅಕ್ಕಲಕೋಟೆಯ ಭೋಸಲೆ ಮನೆತನ 1820ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ತನ್ನ ಜಹಗೀರನ್ನು ಉಳಿಸಿಕೊಂಡಿತು. ಅಲ್ಲಿಗೆ ಧಣಿಗಳನ್ನು ಬದಲಿಸುತ್ತ ಬದುಕುವ ಸಿಲೇದಾರರ ಕಾಲ ಈ ಸೀಮೆಯಲ್ಲಿ ಮುಗಿಯಿತು. ಬಾಡಿಗೆಗೆ ನಿಲ್ಲಲು ಒಬ್ಬನೇ ಧಣಿ ಉಳಿದಿದ್ದ.

ಧೋಂಡಿಯಾನನ್ನು ದರೋಡೆಕೋರನೆಂದು ಮಾತ್ರ ಕರೆದರೆ, ಅವನನ್ನು ಬಳಸಿಕೊಂಡ ಸುಲ್ತಾನರ, ರಾಜರ, ದೇಸಾಯಿಗಳ ಪಾಲು ಮರೆಯಾಗುತ್ತದೆ. ಸಾವಿರಾರು ಸೈನಿಕರನ್ನು ಒಂದೇ ದಿನ ಬೀದಿಗೆ ತಳ್ಳಿದ ಹೊಸ ಆಳ್ವಿಕೆಯ ಪಾಲೂ ಮರೆಯಾಗುತ್ತದೆ. ಸ್ವಾತಂತ್ರ್ಯವೀರನೆಂದು ಮಾತ್ರ ಕರೆದರೆ ಹಾವೇರಿ, ಸವಣೂರು, ಗದಗುಗಳ ರೈತರು ಮರೆಯಾಗುತ್ತಾರೆ. ಅವರ ಹಗೇವಿನ ಜೋಳವನ್ನು ಬಗೆದು ಒಯ್ದವರು ಯಾರ ಸಂಬಳದವರು, ಯಾರ ಬಾವುಟದವರು ಎಂಬುದರಿಂದ ಆ ವರ್ಷದ ಹಸಿವು ಕಡಿಮೆಯಾಗಲಿಲ್ಲ. ಅವನು ಇಂಗ್ಲಿಷರೊಡನೆ ಕಾದಿದ್ದು ನಿಜ. ಅದಕ್ಕೂ ಮೊದಲು, ಅದಕ್ಕಿಂತ ಹೆಚ್ಚು ವರ್ಷ, ತನ್ನ ನಾಡಿನ ಹಳ್ಳಿಗಳನ್ನೇ ಕೊಳ್ಳೆಹೊಡೆದದ್ದೂ ನಿಜ.

ಒಂದು ಕುದುರೆ, ಒಂದು ಕತ್ತಿ ಹಿಡಿದು ಚನ್ನಗಿರಿಯಿಂದ ಹೊರಟವನು ಕೋಣಗಲ್ಲಿನ ಬಯಲಿನಲ್ಲಿ ಬಿದ್ದಾಗ, ಎರಡು ಲೋಕಗಳ ಒಡೆತನದಲ್ಲಿ ಅವನಿಗೆ ಉಳಿದದ್ದು ಬೆನ್ನ ಹಿಂದಿನ ಬಂಡೆಗಳು ಮಾತ್ರ. ಅವನನ್ನು ಕೊಂದವನು 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಲೋಕಪ್ರಸಿದ್ಧನಾದ. ಆ ಸೇನಾನಿ ಸ್ವತಂತ್ರ ನಾಯಕತ್ವದಲ್ಲಿ ದೊಡ್ಡ ದಂಡಯಾತ್ರೆಯ ಮೊದಲ ಪಾಠ ಕಲಿತದ್ದು ರಾಣೆಬೆನ್ನೂರು, ಮುನವಳ್ಳಿ, ಕೋಣಗಲ್ಲುಗಳ ಎರೆಮಣ್ಣಿನ ದಾರಿಗಳಲ್ಲಿ. ಅವನಿಗೆ ಆ ಪಾಠ ಕಲಿಸಿದವನು ಚನ್ನಗಿರಿಯ ಒಬ್ಬ ಸಿಲೇದಾರ.